ಮುದ್ದೆ ಅಗಿದ ನಾಯಿ

ನಾಯಿ ಮುದ್ದೆಯನ್ನು ಅಗಿಯುತ್ತಿತ್ತು.

ಕುಳ್ಳಯ್ಯ ತಾತ ಜಗಲಿ ಮೇಲೆ ಕೂತು ಅದನ್ನೇ ನೋಡುತ್ತಿದ್ದರು. ಮುದ್ದೆ ನಾಯಿಯ ಹಲ್ಲಿಗೆ ಅಂಟಿಕೊಂಡಿತ್ತು. ಅದು ಬಾಯಿ ಓರೆ ಮಾಡಿ, ನಾಲಿಗೆ ಹೊರಳಿಸಿ, ಮತ್ತೆ ಅಗಿಯಿತು.

"ನಾಗರಾಜ, ಇದು ನಮ್ ಕೆಂಚ ಅಲ್ಲ ಕಣ್ಲಾ," ಅಂದರು ತಾತ. "ಮುದ್ದೆ ಅಗೀತಾ ಅದೆ."

ತಾತನ ಊರು ಸಿಂಧಘಟ್ಟದಲ್ಲಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿಯಬೇಕು, ಸಾರಿನಲ್ಲಿ ಅದ್ದಬೇಕು, ನುಂಗಬೇಕು. ಕೆಂಚನೂ ಹಾಗೇ ನುಂಗುತ್ತಿದ್ದ. ಅವನು ಹುಟ್ಟಿದ್ದು ಗುವಾಹಟಿಯಲ್ಲಿ, ಅದು ಬೇರೆ ಮಾತು.

ತಾತನ ಮಗ ನಾಗರಾಜು ಮಿಲಿಟರಿಯಲ್ಲಿದ್ದಾಗ ಹೆಂಡತಿ ಮತ್ತು ಮಗಳು ಸ್ನೇಹಳ ಜೊತೆ ಗುವಾಹಟಿಯಲ್ಲಿದ್ದರು. ಅಲ್ಲಿ ಮೆಟ್ಟಿಲ ಕೆಳಗೆ ಸಿಕ್ಕಿದ ಮರಿಯನ್ನು ಸ್ನೇಹ ಸಾಕಿದಳು. ಊರಿನಿಂದ ಒಯ್ದ ರಾಗಿ ಹಿಟ್ಟಿನ ಮುದ್ದೆ ತಿಂದೇ ಕೆಂಚ ದೊಡ್ಡವನಾದ. ತಾತ ಒಂದು ಸಲ ಅಲ್ಲಿಗೆ ಹೋಗಿ, ಅವನು ನುಂಗುವುದನ್ನು ನೋಡಿ, "ಇವ್ನು ನಮ್ಮೋನೇ" ಅಂತ ಒಪ್ಪಿಕೊಂಡು ಬಂದಿದ್ದರು.

ಅಪ್ಪ ರಿಟೈರಾದ ಮೇಲೆ ಎಲ್ಲರೂ ವಿಮಾನದಲ್ಲಿ ಊರಿಗೆ ಹೊರಟರು. ಕೆಂಚನನ್ನು ಬೋನಿನಲ್ಲಿಟ್ಟು ಸಾಮಾನಿನ ಜೊತೆ ಕಳಿಸಬೇಕಾಯಿತು. ಕೋಲ್ಕತ್ತದಲ್ಲಿ ವಿಮಾನ ಬದಲಾಯಿಸಿದರು. ಬೆಂಗಳೂರಿನಲ್ಲಿ ಇಳಿದಾಗ ಟ್ರಂಕುಗಳು ಬಂದವು, ಮಿಕ್ಸಿ ಬಂತು, ಕೆಂಚ ಬರಲಿಲ್ಲ.

ವಿಮಾನ ಕಂಪನಿಯವರು ಫೋನಿನಲ್ಲಿ ತುಂಬಾ ಮರ್ಯಾದೆಯಿಂದ ಮಾತಾಡಿದರು.

"ನಿಮ್ಮ ಲಗೇಜಿಗೆ ಆದ ತೊಂದರೆಗೆ ವಿಷಾದಿಸ್ತೀವಿ ಸರ್."

"ಅದು ಲಗೇಜಲ್ಲ. ನಾಯಿ," ಅಂದರು ಅಪ್ಪ.

"ಓಕೆ ಸರ್. ಲಗೇಜಿನ ಬಣ್ಣ ಹೇಳಿ."

"ಕೆಂಚು."

"ಒಳಗಡೆ ಬೆಲೆಬಾಳೋ ವಸ್ತು ಏನಾದ್ರೂ ಇತ್ತಾ ಸರ್?"

ಅಪ್ಪ ಫೋನನ್ನು ಅಮ್ಮನ ಕೈಗೆ ಕೊಟ್ಟು ಹಿತ್ತಲಿಗೆ ಹೋಗಿಬಿಟ್ಟರು. ಸ್ನೇಹ ಅವತ್ತು ಊಟ ಮಾಡಲಿಲ್ಲ. ಆಮೇಲೂ ಎಷ್ಟೋ ದಿನ ತಟ್ಟೆ ಮುಂದೆ ಕೂತರೆ ಅವಳಿಗೆ ಅಳು ಬರುತ್ತಿತ್ತು.

ಇವತ್ತು ಬೆಳಿಗ್ಗೆ ಕಂಪನಿಯ ಕಾರೇ ಮನೆ ಮುಂದೆ ಬಂದು ನಿಂತಿತು. ಟೈ ಕಟ್ಟಿಕೊಂಡ ಕುಮಾರ್ ಎಂಬುವವರು ಇಳಿದು, ಬೋನಿನ ಬಾಗಿಲು ತೆಗೆದು, ಈ ನಾಯಿಯನ್ನು ಹೊರಗೆ ಬಿಟ್ಟರು. ತಾತ ಅದರ ಮುಂದೆ ಮುದ್ದೆ ಇಟ್ಟರು. ಅದು ಅಗಿಯಿತು.

"ಸರ್, ಕೆಂಚು ಬಣ್ಣ, ಗಂಡು, ಎದೆ ಮೇಲೆ ಬಿಳಿ ಮಚ್ಚೆ," ಅಂದರು ಕುಮಾರ್. "ಎಲ್ಲಾ ಮ್ಯಾಚ್ ಆಗಿದೆ."

"ನನ್ಗೂ ನನ್ ತಮ್ಮನ್ಗೂ ಎಲ್ಲಾ ಮ್ಯಾಚ್ ಆಯ್ತದೆ ಸ್ವಾಮಿ," ಅಂದರು ತಾತ. "ಅಂಗಂತ ಅವ್ನ ಪೆನ್ಷನ್ನ ನನ್ ಕೈಗೆ ಕೊಟ್ಟಾರಾ?"

"ಪ್ರಯಾಣದಲ್ಲಿ ಸ್ಟ್ರೆಸ್ ಆಗಿರುತ್ತೆ ಸರ್."

"ಸ್ಟ್ರೆಸ್ಸಾದ್ರೆ ಮುದ್ದೆ ಅಗೀತಾರಾ?"

ಕುಮಾರ್‌ಗೆ ಟ್ರೇನಿಂಗಿನಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ. ಅವರು ಸ್ನೇಹಳ ಕಡೆ ತಿರುಗಿದರು. "ನೀನೇ ಹೇಳು ಪುಟ್ಟಾ. ಇದು ನಿಮ್ಮ ನಾಯಿ ತಾನೇ?"

ಅಪ್ಪ ಅಮ್ಮ ಇಬ್ಬರೂ ಸುಮ್ಮನೆ ಅವಳನ್ನೇ ನೋಡಿದರು.

ಅಲ್ಲ ಅಂತ ಸ್ನೇಹಳಿಗೆ ಆಗಲೇ ಗೊತ್ತಾಗಿತ್ತು. ಕೆಂಚನ ಎಡಗಿವಿ ತುದಿಯಲ್ಲಿ ಹರಿದಿತ್ತು. ಇದರ ಎರಡು ಕಿವಿಯೂ ನೆಟ್ಟಗಿದ್ದವು. ಆದರೆ ಈ ನಾಯಿ ಬೋನಿನಿಂದ ಇಳಿದ ಕೂಡಲೇ ಅವಳ ಅಂಗೈಯೊಳಗೆ ಮೂತಿ ಇಟ್ಟಿತ್ತು. ಮೂತಿ ಬೆಚ್ಚಗಿತ್ತು. ಅಲ್ಲ ಅಂದರೆ ಇದೂ ಹೊರಟುಹೋಗುತ್ತದೆ. ಹೂಂ ಅಂದರೆ ಒಂದು ನಾಯಿಯಾದರೂ ಉಳಿಯುತ್ತದೆ.

"ಹೂಂ ಅಂದ್ರೆ ಏನಾಯ್ತದೆ ಅಂಕಲ್?"

"ಕೇಸ್ ಕ್ಲೋಸ್ ಆಗುತ್ತೆ."

"ಆಮೇಲೆ ಕೆಂಚನ್ನ ಹುಡುಕಲ್ವಾ?"

"ಸಿಕ್ಕಿದ ಮೇಲೆ ಯಾಕಮ್ಮ ಹುಡುಕ್ತಾರೆ?"

ಅಷ್ಟರಲ್ಲಿ ಬೀದಿಯಲ್ಲಿ ಡೈರಿಯ ಹಾಲಿನ ಟೆಂಪೋ ಬಂತು. ನಾಯಿ ಮುದ್ದೆ ಬಿಟ್ಟು ಗೇಟಿನ ಹತ್ತಿರ ಓಡಿತು. ಬಾಲ ಜೋರಾಗಿ ಆಡಿಸುತ್ತಾ ಟೆಂಪೋ ಒಳಗೆ ಇಣುಕಿ ನೋಡಿತು. ಡ್ರೈವರ್ ಮುಖ ಕಂಡಿತು. ಬಾಲ ನಿಂತಿತು. ಆಮೇಲೆ ಒಂದು ಸ್ಕೂಟರ್ ಬಂತು. ಮತ್ತೆ ಬಾಲ ಆಡಿತು, ಮತ್ತೆ ನಿಂತಿತು.

ಇದು ತನ್ನ ಮನೆಯವರನ್ನು ಹುಡುಕುತ್ತಿದೆ ಅಂತ ಸ್ನೇಹಳಿಗೆ ಹೊಳೆಯಿತು. ಕೆಂಚನೂ ಎಲ್ಲೋ ಒಂದು ಗೇಟಿನ ಹತ್ತಿರ ಹೀಗೇ ಓಡುತ್ತಿರಬಹುದು. ಅಲ್ಲಿ ಯಾರಾದರೂ ಅವನನ್ನು ನಮ್ಮದೇ ಅಂದುಬಿಟ್ಟರೆ?

"ಇದು ಕೆಂಚ ಅಲ್ಲ ಅಂಕಲ್," ಅಂದಳು. "ಅವನ ಕಿವಿ ಹರಿದಿತ್ತು. ನನಗೆ ಮೊದ್ಲೇ ಗೊತ್ತಿತ್ತು." ಅಷ್ಟು ಹೇಳಿ ಅತ್ತುಬಿಟ್ಟಳು.

ಅಮ್ಮ ಅವಳನ್ನು ಹತ್ತಿರ ಎಳೆದುಕೊಂಡರು. "ನಮಗೂ ಗೊತ್ತಿತ್ತು ಮಗಾ. ನಿಂಗೆ ಸಮಾಧಾನ ಆಗೋದಾದ್ರೆ ಆಗ್ಲಿ ಅಂತ ಸುಮ್ನಿದ್ದೋ."

ಕುಮಾರ್ ಉಸಿರು ಬಿಟ್ಟು ಬೋನಿನ ಬಾಗಿಲು ತೆಗೆದರು. ಬೋನು ಕಂಡದ್ದೇ ತಡ, ನಾಯಿ ತಾತನ ಕಾಲಿನ ಹಿಂದೆ ಸೇರಿಕೊಂಡಿತು.

"ಇದನ್ನ ಎಲ್ಲಿಗೆ ಕರ್ಕೊಂಡೋಗ್ತೀರಿ?" ಅಪ್ಪ ಕೇಳಿದರು.

"ಲಗೇಜ್ ಗೋಡೌನಿಗೆ ಸರ್."

"ಅಲ್ಲಿ ಯಾರು ನೋಡ್ಕೋತಾರೆ?"

"ಡ್ಯೂಟಿಯಲ್ಲಿ ಇರೋರು."

"ಅಂದ್ರೆ ಯಾರು?"

ಕುಮಾರ್ ಟೈ ಸರಿ ಮಾಡಿಕೊಂಡರು. ಅದು ಸರಿಯಾಗೇ ಇತ್ತು.

ಸ್ನೇಹ ಕಣ್ಣೊರೆಸಿಕೊಂಡು ಅಂದಳು, "ಅದರ ಮನೆಯವರು ಸಿಗೋಗಂಟ ಇಲ್ಲೇ ಇರ್ಲಿ. ಆದ್ರೆ ಕೆಂಚ ಸಿಕ್ದ ಅಂತ ಹಾಕ್ಬೇಡಿ."

"ಅಂಥ ಆಪ್ಷನ್ ಇಲ್ಲ ಪುಟ್ಟಾ." ಕುಮಾರ್ ತಮ್ಮ ಫೋನ್ ತೋರಿಸಿದರು. "ಸಿಕ್ಕಿದೆ, ಸಿಕ್ಕಿಲ್ಲ. ಎರಡೇ ಇರೋದು."

"ಎರ್ಡೂ ಒತ್ಬುಡಿ," ಅಂದರು ತಾತ.

ಕುಮಾರ್ ನಗಲಿಲ್ಲ. ರಸ್ತೆಗೆ ಹೋಗಿ ತಮ್ಮ ಸಾಹೇಬರಿಗೆ ಫೋನ್ ಮಾಡಿದರು. ಮಾತು ಬೆಳೆಯಿತು. "ಇಲ್ಲ ಸರ್, ಲಗೇಜಲ್ಲ ಸರ್, ನಾಯಿ ಸರ್" ಅಂತ ಅವರೇ ಹೇಳುತ್ತಿದ್ದದ್ದು ಜಗಲಿವರೆಗೂ ಕೇಳಿಸಿತು. ವಾಪಸ್ ಬಂದು ನಾಯಿಯ ಮುಖದ ಫೋಟೋ ತೆಗೆದರು. ಎರಡು ಕಿವಿಗಳದ್ದೂ ಬೇರೆ ಬೇರೆ ತೆಗೆದರು.

"ಇದು ನನ್ನ ನಂಬರ್," ಅಂದರು ಸ್ನೇಹಳಿಗೆ. "ಕಂಪನಿದಲ್ಲ, ನಂದು. ದಿನಾ ಫೋನ್ ಮಾಡು. ಕೆಂಚನ್ನ ನಾನು ಹುಡುಕ್ತೀನಿ. ಇದರ ಮನೆಯವರನ್ನೂ."

ಕಾರು ಹೋಯಿತು. ನಾಯಿ ಅದು ಮರೆಯಾಗುವ ತನಕ ನೋಡುತ್ತಾ ಗೇಟಿನ ಹತ್ತಿರವೇ ಕೂತಿತು. ಸ್ನೇಹ ಹೋಗಿ ಪಕ್ಕದಲ್ಲಿ ಕೂತು ಅದರ ಬೆನ್ನ ಮೇಲೆ ಕೈ ಇಟ್ಟಳು.

"ಮಗಾ," ಜಗಲಿಯಿಂದಲೇ ತಾತ ಕೇಳಿದರು, "ಏನಂತ ಕೂಗಾದು ಇದ್ನ? ಒಂದ್ ಎಸ್ರಾದ್ರೂ ಇಡು."

ಸ್ನೇಹ ನಾಯಿಯ ನೆಟ್ಟಗಿನ ಕಿವಿ ಸವರಿದಳು.

"ಇದಕ್ಕೆ ಹೆಸರು ಇರ್ತದೆ ತಾತ," ಅಂದಳು. "ನಮಗೆ ಗೊತ್ತಿಲ್ಲ, ಅಷ್ಟೆ."