ಕೊನೆಗೆ ಹಾಕಿಸಿಕೊಳ್ಳುತ್ತಿದ್ದ ಸಹಿ

"ಈ ಆಸ್ಪತ್ರೆ ಬಾಗ್ಲು ಹಾಕ್ರಿ ಮೇಡಂ. ಡಾಕ್ಟ್ರಿಲ್ದ ಹೆರಿಗೆ ವಾರ್ಡು ಯಾರಿಗೆ ಬೇಕು?"

ಆಂಬುಲೆನ್ಸ್ ಓಡಿಸುವ ತಿಪ್ಪೇಶ ನಗುತ್ತಲೇ ಹೇಳಿದ. ನರ್ಸ್ ಕಾವ್ಯಶ್ರೀಗೆ ಮೈ ಉರಿಯಿತು. ಆ ಸಿಟ್ಟಿನಲ್ಲೂ ಅವನ ಎಡಗೆನ್ನೆಯ ಗುಳಿ ಕಂಡಿತಲ್ಲ ಎಂದು ಇನ್ನಷ್ಟು ಉರಿಯಿತು.

"ಹಾಕಿದ್ರೆ ಹಟ್ಟಿ ಹೆಣ್ಮಕ್ಳು ಎಲ್ಲಿಗ್ ಹೋಗ್ಬೇಕು?"

"ಸರ್ಕಾರ ಪುಕ್ಕಟೆ ಚಿಕಿತ್ಸೆಗೆ ಒಂದ್ ಕಾರ್ಡ್ ಕೊಡ್ಲಿ, ಇನ್ನೊಂದ್ ಗಾಡಿ ಕೊಡ್ಲಿ. ಹೊಸದುರ್ಗದಾಗೆ ಒಳ್ಳೆ ಆಸ್ಪತ್ರೆ ಅವೆ, ನಾನೇ ಕರ್ಕಂಡ್ ಹೋಗ್ತೀನಿ."

"ಹೆರಿಗೆ ನೋವು ನಿಮ್ ಗಾಡಿಗೆ ಕಾಯಲ್ಲ ರೀ. ಕಾರ್ಡ್ ಹಂಚಿ ಕೈ ತೊಳ್ಕೊಳ್ಳೋದಲ್ಲ ಸರ್ಕಾರದ ಕೆಲ್ಸ. ಡಾಕ್ಟ್ರನ್ನ ಇಲ್ಲೇ ಕೊಡ್ಬೇಕು."

"ಎಷ್ಟ್ ಅರ್ಜಿ ಬರ್ದ್ರಿ?"

"ಏಳು."

"ಏನ್ ಬಂತು?"

ಅವಳು ಗೋಡೆಯತ್ತ ನೋಡಿದಳು. ಡಾಕ್ಟರು ಬೇಕೆಂದು ಬರೆದ ಏಳು ಅರ್ಜಿಗಳಿಗೆ ಬಂದದ್ದು ಆ ಗೋಡೆ ಗಡಿಯಾರ ಒಂದೇ.

ಪ್ರತಿ ಸಲವೂ ಹೀಗೆಯೇ. ಹಟ್ಟಿಯಿಂದ ಬಸುರಿಯನ್ನು ಕರೆತಂದು ವಾರ್ಡಿಗೆ ಬಿಟ್ಟ ಮೇಲೆ ಅವನು ಗಾಡಿ ತೊಳೆಯುತ್ತಿದ್ದ, ಆಶಾ ಕಾರ್ಯಕರ್ತೆ ಗಿರಿಯಮ್ಮ ಕೊಟ್ಟ ಚಹಾ ಕುಡಿಯುತ್ತಿದ್ದ, ಜಗಳ ತೆಗೆಯುತ್ತಿದ್ದ. ಹೊರಡುವಾಗ, ಗಾಡಿ ಬಂದ ಹೊತ್ತನ್ನು ಮೊದಲೇ ಬರೆದಿದ್ದ ಟ್ರಿಪ್ ಶೀಟು ಚಾಚುತ್ತಿದ್ದ. ರೋಗಿಯನ್ನು ಒಪ್ಪಿಸಿಕೊಂಡದ್ದಕ್ಕೆ ಸಹಿ, ಪಕ್ಕದಲ್ಲಿ ಸಮಯ. ಕಾವ್ಯಶ್ರೀ ಒಂದು ನಿಮಿಷವನ್ನೂ ಹೆಚ್ಚುಕಮ್ಮಿ ಬರೆಯುವವಳಲ್ಲ. ಗಡಿಯಾರ ನೋಡಿ, ಸಹಿ ಹಾಕುತ್ತಿರುವ ಹೊತ್ತನ್ನೇ ಬರೆಯುತ್ತಿದ್ದಳು.

"ಎಲ್ಲ ನರ್ಸಿಗೂ ಸಿಸ್ಟರ್ ಅಂತಾನೆ, ನಿಂಗೊಬ್ಳಿಗೇ ಮೇಡಂ. ಸುಮ್ನೆ ಅಂದ್ಕಂಡಿಯೇನವ್ವ?" ಗಿರಿಯಮ್ಮ ಕೆಣಕುತ್ತಿದ್ದಳು.

"ಗಿರಿಯಮ್ಮಾ, ರಿಜಿಸ್ಟರ್ ತಗಂಡ್ ಬರ್ರಿ."

ವಾರ್ಡು ಮುಚ್ಚಬೇಕೋ ಉಳಿಸಬೇಕೋ ಎಂದು ತೀರ್ಮಾನಿಸಲು ಆ ಸೋಮವಾರ ಪಂಚಾಯಿತಿ ಹಾಲ್‌ನಲ್ಲಿ ಸಭೆ ಸೇರಿತು. ತಿಪ್ಪೇಶ ಮುಚ್ಚಬೇಕೆನ್ನುವವರ ಸಾಲಿನಲ್ಲಿ ಕೂತಿದ್ದ. ಸದಸ್ಯ ಗಂಗಾಧರಪ್ಪ ಮೇಜು ಗುದ್ದಿ, "ಓಟಿಗೆ ಬರೋ ಸರ್ಕಾರ ಹೆರಿಗೆಗೆ ಯಾಕ್ರೀ ಬರಲ್ಲ?" ಎಂದು ಕೂಗಿದ. ಮೇಲಿನಿಂದ ಬಂದಿದ್ದ ಅಧಿಕಾರಿ ತಲೆ ಎತ್ತದೆ ಫೈಲು ತಿರುವಿ, ಟ್ರಿಪ್ ಶೀಟುಗಳ ಮೇಲೆ ಬೆರಳಿಟ್ಟು ಕೇಳಿದರು.

"ಬೇರೆ ಕಡೆ ರೋಗಿನ ಒಳಗೆ ತಗೊಳ್ಳೋಕೆ ಏಳು ನಿಮಿಷ. ಇಲ್ಲಿ ಮೂವತ್ತು. ನೋವು ತಿನ್ನೋ ಹೆಂಗಸನ್ನ ಅರ್ಧ ಗಂಟೆ ಬಾಗಿಲಲ್ಲಿ ನಿಲ್ಲಿಸ್ತೀರಾ? ಸಿಸ್ಟರ್, ಸಹಿ ನಿಮ್ಮದೇ ಅಲ್ವಾ?"

ಅವಳದೇ. ದುಂಡಗಿನ, ಒಂದೂ ತಿದ್ದುಪಡಿಯಿಲ್ಲದ ಅಕ್ಷರ. ವಾರ್ಡಿಗಾಗಿ ಏಳು ಅರ್ಜಿ ಬರೆದ ಕೈಯೇ ವಾರ್ಡಿಗೆ ಬೀಗ ಹಾಕಲು ಹೊರಟಿತ್ತು. ಸಹಿ ತಡವಾಗುತ್ತಿದ್ದದ್ದು ಯಾಕೆಂದು ಹೇಳಬಹುದು. ಆದರೆ ಇಷ್ಟು ಜನರ ಮುಂದೆ, ಯಾವ ಬಾಯಿಂದ ಹೇಳುವುದು?

ಹಿಂದಿನ ಸಾಲಿನಲ್ಲಿ ಕುರ್ಚಿ ಸದ್ದಾಯಿತು.

"ಸಾರ್, ಆ ಟೈಮು ಆಸ್ಪತ್ರೇದಲ್ಲ, ನಂದು," ತಿಪ್ಪೇಶ ಎದ್ದು ನಿಂತಿದ್ದ. "ಎರಡ್ ನಿಮಿಷಕ್ಕೇ ಒಳಗ್ ಕರ್ಕಂತಾರೆ. ಸಹಿ ನಾನೇ ಕೊನೆಗೆ ಹಾಕಿಸ್ಕಂತಿದ್ದೆ."

"ಯಾಕೆ?"

"ಮೊದ್ಲೇ ಹಾಕಿಸ್ಕಂಡ್ರೆ ಹೊರಡ್ಬೇಕಲ್ಲ ಸಾರ್. ಮೇಡಂ ಹತ್ರ ಜಗಳ ಆಡೋದ್ ಇರ್ತಿತ್ತು."

ಹಾಲ್ ತುಂಬ ನಗು. ಗಿರಿಯಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಅಧಿಕಾರಿ ಮಾತ್ರ ನಗಲಿಲ್ಲ. "ಬರೆದು ಕೊಡಿ. ನಿಮ್ಮ ಮೇಲೆ ಕ್ರಮ ಆಗುತ್ತೆ."

"ಕೊಡ್ತೀನಿ ಸಾರ್."

ವಾರ್ಡಿಗೆ ಮೂರು ತಿಂಗಳ ಗಡುವು ಸಿಕ್ಕಿತು. ಡಾಕ್ಟರ ವಿಷಯಕ್ಕೆ ಮಾತ್ರ ಅದೇ ಹಳೆಯ ಉತ್ತರ: ಪರಿಶೀಲಿಸುತ್ತೇವೆ.

ಹೊರಗೆ ಬೇವಿನ ಮರದಡಿ ಕಾವ್ಯಶ್ರೀ ಅವನನ್ನು ತಡೆದು ನಿಲ್ಲಿಸಿದಳು. "ಆ ಹೊತ್ನಲ್ಲಿ ಯಾರಿಗಾದ್ರೂ ಗಾಡಿ ಬೇಕಾಗಿದ್ರೆ?"

"ಫೋನ್ ಕೈಯಾಗೇ ಇರ್ತಿತ್ತು. ಎರಡ್ ಸಲ ಚಾ ಬಿಟ್ಟು ಓಡ್ಲಿಲ್ವಾ? ನೀವೇ ನೋಡೀರಿ."

ನೋಡಿದ್ದಳು. ಆ ಲೋಟಗಳ ಮೇಲೆ ತಟ್ಟೆ ಮುಚ್ಚಿಟ್ಟವಳೂ ಅವಳೇ.

"ಮುಚ್ಬೇಕು ಅನ್ನೋರು ನೀವು. ಸುಮ್ನಿದ್ದಿದ್ರೆ ಗೆಲ್ತಿದ್ರಿ."

"ಮುಚ್ಬೇಕು ಅಂತ ಈಗ್ಲೂ ಅಂತೀನಿ." ಅವನು ಮೊದಲ ಸಲ ನೆಲ ನೋಡಿಕೊಂಡು ಮಾತಾಡಿದ. "ಆದ್ರೆ ನಿಮ್ ಅಕ್ಷರ ಇಟ್ಕಂಡು ನಿಮ್ಮನ್ನೇ ಸೋಲ್ಸೋಕೆ ನನ್ ಕೈಲಾಗಲ್ಲ."

ಅವಳಿಗೆ ಹೇಳಬೇಕಾದದ್ದು ಬಹಳವಿತ್ತು. ಪದಗಳನ್ನು ಆರಿಸುತ್ತ ನಿಂತಳು. ಅಷ್ಟರಲ್ಲಿ ಅವನು ಹೋಗಿಬಿಟ್ಟ.

ಹದಿನೈದು ದಿನ ಅವನನ್ನು ಕೆಲಸದಿಂದ ನಿಲ್ಲಿಸಿದರು. ಬೇರೊಬ್ಬ ಡ್ರೈವರ್ ಬಂದ. ಎರಡೇ ನಿಮಿಷಕ್ಕೆ ಸಹಿ ಹಾಕಿಸಿಕೊಂಡು ಹೊರಡುತ್ತಿದ್ದ. ಕಾವ್ಯಶ್ರೀಗೆ ಗಡಿಯಾರದ ಟಿಕ್ ಟಿಕ್ ಕೂಡ ಕಿರಿಕಿರಿಯಾಗತೊಡಗಿತು.

ಹದಿನಾರನೆಯ ದಿನ ಹತ್ತು ನಲವತ್ತಕ್ಕೆ ತಿಪ್ಪೇಶನ ಗಾಡಿ ಬಂತು. ಬಸುರಿಯನ್ನು ಒಳಗೆ ಮಲಗಿಸಿ, ನಾಡಿ ನೋಡಿ, ಗಿರಿಯಮ್ಮನನ್ನು ಪಕ್ಕದಲ್ಲಿ ಕೂರಿಸಿ ಕಾವ್ಯಶ್ರೀ ಹೊರಗೆ ಬಂದು ಕೈ ಚಾಚಿದಳು.

"ಶೀಟ್ ಕೊಡ್ರಿ."

ಅವಳು ಹತ್ತು ನಲವತ್ಮೂರು ಎಂದು ಬರೆದು ಸಹಿ ಹಾಕಿದಳು. ಅವನ ಮುಖ ಬಾಡಿತು. "ಹಂಗಾರೆ... ಬರ್ತೀನಿ ಮೇಡಂ."

"ಎಲ್ಲಿಗೆ? ಸಹಿ ಆತಲ್ಲ, ಇನ್ ಕುಂತ್ಕಳ್ರಿ. ಎಂಟನೇ ಅರ್ಜಿ ಬರೀತಿದೀನಿ. ಮುಚ್ಬೇಕು ಅನ್ನೋ ನಿಮ್ ವಾದ ಸರಿಯಾಗ್ ಹೇಳ್ರಿ, ಅದಕ್ಕೂ ಉತ್ತರ ಬರೀಬೇಕು."

"ಜಗಳ ಆಗ್ತೈತೆ ಮೇಡಂ."

"ಆಗ್ಲಿ." ಆರಿಸಿಟ್ಟುಕೊಂಡ ಪದವನ್ನು ಈ ಸಲ ಅವಳು ಹೇಳಿಯೇಬಿಟ್ಟಳು. "ಮೇಡಂ ಸಾಕು. ಕಾವ್ಯಶ್ರೀ ಅನ್ರಿ."

ಅವನು ಕೂತ. ಕೂರುವ ಮೊದಲು ಫೋನನ್ನು ಇಬ್ಬರಿಗೂ ಕಾಣುವಂತೆ ಮೇಜಿನ ಮಧ್ಯೆ ಇಟ್ಟ.