ಮುಸುಕಿನವನಿಗೆ ಹೇಳಿದ ಮಾತು

“ಅವನಿಗೆ ಹೆಂಡ್ತಿ ಇದ್ದಾಳೆ. ಮದ್ವೆ ಉಂಗುರ ಮುಚ್ಚಿಡೋಕಲ್ದಿದ್ರೆ ಯಾವ ಗಂಡಸು ಯಾವಾಗ ನೋಡಿದ್ರೂ ಕೈನ ಜೇಬಲ್ಲೇ ಇಟ್ಕೊಂಡಿರ್ತಾನೆ?”

ನಿಯೆವೆಸ್ ಬಲಗಾಲಿನ ಬೂಟನ್ನು ಮರದ ಪೆಟ್ಟಿಗೆಯ ಮೇಲಿಟ್ಟು ಕೇಳಿದಳು. ಕೆಳಗೆ ಕೂತು ಪಾಲಿಶ್ ಉಜ್ಜುತ್ತಿದ್ದವನು ತಲೆ ಎತ್ತಲಿಲ್ಲ. ಎತ್ತಿದ್ದರೂ ಕಾಣುತ್ತಿದ್ದದ್ದು ಎರಡು ಕಣ್ಣು, ಅದೂ ಟೋಪಿಯ ನೆರಳಲ್ಲಿ. ಉಳಿದದ್ದೆಲ್ಲ ಕಪ್ಪು ಉಣ್ಣೆಯ ಮುಸುಕು. ದನಿಯೂ ಉಣ್ಣೆಯೊಳಗೇ ಹೂತು ಹೋಗಿರುತ್ತಿತ್ತು.

ಲಾ ಪಾಸ್ ನಗರದಲ್ಲಿ ಬೂಟ್ ಪಾಲಿಶ್ ಮಾಡುವವರು ಹೀಗೆಯೇ. ನೆರೆಹೊರೆಗೆ, ಒಮ್ಮೊಮ್ಮೆ ಹೆತ್ತವರಿಗೂ ಗೊತ್ತಾಗಬಾರದೆಂದು ಮುಖ ಮುಚ್ಚುತ್ತಾರೆ. ಮುಚ್ಚಿದ್ದಕ್ಕೇ ಜನ ಕಳ್ಳರೆನ್ನುತ್ತಾರೆ. ನಿಯೆವೆಸ್ ಏನು ಕಡಿಮೆಯೇ? ಮೊದಲ ದಿನ ಇವನ ಮುಂದೆ ಬ್ಯಾಗನ್ನು ಕಂಕುಳಲ್ಲಿ ಅವುಚಿಕೊಂಡೇ ನಿಂತಿದ್ದಳು. ವಕೀಲರ ಆಫೀಸಿನ ಟೈಪಿಸ್ಟು. ಬೂಟು ಹೊಳೆಯದಿದ್ದರೆ ವಕೀಲಮ್ಮನ ಹುಬ್ಬು ಮೇಲೇರುತ್ತದೆ ಅಂತಷ್ಟೇ ಬರುತ್ತಿದ್ದದ್ದು. ಎರಡು ತಿಂಗಳಲ್ಲಿ ಅದೇನಾಯಿತೋ, ಅಮ್ಮನಿಗೂ ಹೇಳದ್ದನ್ನು ಇವನಿಗೆ ಹೇಳತೊಡಗಿದ್ದಳು. ಮುಖವೇ ಕಾಣದವನ ಹತ್ತಿರ ಎಂಥ ನಾಚಿಕೆ?

ಈಗಿನ ಸುದ್ದಿ ಎಲೋಯ್ ತಾರ್ಕಿಯದು. ಸಂಜೆ ಅವಳು ಓದಲು ಹೋಗುವ ಇನ್‌ಸ್ಟಿಟ್ಯೂಟಿನಲ್ಲಿ ಪಕ್ಕದ ಬೆಂಚಿನವನು. ನಕ್ಕರೆ ಎಡಗೆನ್ನೆಯಲ್ಲಿ ಗುಳಿ. ಮಾತು ಕಡಿಮೆ, ನೋಟ ಜಾಸ್ತಿ. ಅವಳು ತಿರುಗಿದರೆ ತಟ್ಟನೆ ಬೋರ್ಡು ನೋಡುತ್ತಾನೆ, ಬೋರ್ಡಿನಲ್ಲಿ ಏನೂ ಬರೆದಿರುವುದಿಲ್ಲ. ಆ ನೋಟಕ್ಕೆ ಅವಳ ಕಿವಿ ಬಿಸಿಯಾಗುತ್ತದೆ, ಸುಳ್ಳೇಕೆ. ಭಾನುವಾರ ಮನೆಗೆ ಬನ್ನಿ, ಅಮ್ಮನನ್ನು ನೋಡಿ ಎಂದು ಕರೆದಿದ್ದಾನೆ. ಇವತ್ತು ಸಂಜೆ ಉತ್ತರ ಹೇಳಬೇಕು.

“ಕೆಲಸ ಏನು ಅಂದ್ರೆ ಚರ್ಮದ ವ್ಯವಹಾರ ಅಂತಾನೆ. ಎಲ್ಲಿ ಅಂದ್ರೆ ಕೆಮ್ಮು ಬರುತ್ತೆ. ಬೆಳ್ಳಗಿರೋದೆಲ್ಲ ಹಾಲಲ್ಲ ಮಾರಾಯ.”

“ಇಲ್ಲ ಸೆನ್ಯೊರಿತಾ, ಅವರಿಗೆ ಮದುವೆ ಆಗಿಲ್ಲ!”

ಬ್ರಷ್ ನಿಂತಿತು.

“ನಿಂಗೆ ಹೇಗೆ ಗೊತ್ತು?”

“ಅಲ್ಲಾ... ಹೆಂಡ್ತಿ ಇರೋನು ಅಮ್ಮನ ಹತ್ರ ಕರ್ಕೊಂಡು ಹೋಗ್ತಾನಾ ಅಂತ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಆ ಸಮಜಾಯಿಷಿ. ಮೊದಲ ಸಲ ಅವಳು ಆ ಕಣ್ಣುಗಳನ್ನು ಸರಿಯಾಗಿ ನೋಡಿದಳು. ಅವು ತಟ್ಟನೆ ಪಕ್ಕದ ಗೋಡೆ ನೋಡಿದವು. ಗೋಡೆಯ ಮೇಲೆ ಏನೂ ಇರಲಿಲ್ಲ.

“ಏನೋಪ್ಪ,” ಎಂದಳು ನಿಧಾನವಾಗಿ. “ನನ್ನ ಒಲಿಸೋದು ಬಹಳ ಸುಲಭ. ಯಾರಾದ್ರೂ ಎರಡು ಚಿರಿಮೋಯಾ ಹಣ್ಣು ತಂದುಕೊಟ್ರೆ ಸಾಕು, ಕರಗಿ ಹೋಗ್ತೀನಿ.”

ಶುದ್ಧ ಸುಳ್ಳು. ಚಿರಿಮೋಯಾ ವಾಸನೆಗೇ ಅವಳಿಗೆ ಹೊಟ್ಟೆ ತೊಳಸುತ್ತದೆ.

ಅವತ್ತು ಟೈಪಿಸಿದ ಒಂದು ಪುಟದಲ್ಲಿ ಒಂಬತ್ತು ತಪ್ಪು. ಅವನಾಗಿರದಿರಲಿ ದೇವರೇ ಎಂದುಕೊಂಡಳು. ಅವನೇ ಆಗಿರಲಿ ಎಂದೂ ಅನ್ನಿಸಿತು, ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಸಂಜೆ ಎಲೋಯ್ ಗೇಟಿನಲ್ಲೇ ಕಾಯುತ್ತಿದ್ದ. ಒಂದು ಕೈ ಜೇಬಿನಲ್ಲಿ. ಇನ್ನೊಂದು ತೋಳಿಗೆ ನೇತುಹಾಕಿದ ಚೀಲದಲ್ಲಿ ಎರಡು ಚಿರಿಮೋಯಾ.

“ಇದು... ನಿಮಗೆ ಇಷ್ಟ ಇರಬಹುದು ಅಂತ.” ಗುಳಿ ಬಿತ್ತು.

“ಕೈ ತೋರಿಸು.”

“ಯಾಕೆ?”

“ತೋರಿಸು ಅಂದೆ!”

ಜೇಬಿನಿಂದ ಕೈ ಹೊರಬಂತು. ಉಗುರಿನ ಸಂದಿಯಲ್ಲೆಲ್ಲ ಎಷ್ಟು ತಿಕ್ಕಿದರೂ ಹೋಗದ ಕಪ್ಪು ಪಾಲಿಶ್.

“ಥೂ! ನಿನ್ನ ವಿಷಯ ನನ್ನ ಬಾಯಲ್ಲೇ ಹೇಳಿಸ್ಕೊಂಡು ಮಜಾ ನೋಡಿದ್ಯಾ? ಬ್ಯಾಗ್ ಕದ್ದಿದ್ರೂ ಎಷ್ಟೋ ವಾಸಿ ಇತ್ತು!”

“ಮಜಾನಾ? ಬೆಳಿಗ್ಗೆ ನನ್ನ ನೋಡಿ ಬ್ಯಾಗ್ ಅವುಚ್ಕೊಂಡ್ರಿ. ಅದೇ ಸಂಜೆ ಇಲ್ಲಿ ನನ್ನ ಹತ್ರ ಪೆನ್ನು ಇಸ್ಕೊಂಡು ನಕ್ಕಿದ್ರಿ. ಯಾವ ಬಾಯಲ್ಲಿ ಹೇಳ್ಲಿ? ಅಮ್ಮನಿಗೇ ಪ್ರೆಸ್ಸಿನಲ್ಲಿ ಕೆಲಸ ಅಂತ ಹೇಳಿದೀನಿ. ನಿಜ ಹೇಳಿದ್ರೆ ನೀವು ಎರಡೂ ಕಡೆ ಮಾತು ಬಿಡ್ತೀರಿ ಅಂತ ಹೆದರಿದೆ. ನೀವಂದ್ರೆ ನಂಗೆ ಪ್ರಾಣ, ನಿಯೆವೆಸ್.”

ಮಾತು ನಾಟಿತು. ಆದರೆ ಸಂಶಯ ಎಂಬುದು ಅಷ್ಟು ಸುಲಭಕ್ಕೆ ಎದ್ದು ಹೋಗುವ ನೆಂಟನಲ್ಲ.

“ನಾಳೆ ಇನ್ನೇನು ಮುಚ್ಚಿಡ್ತೀಯೋ, ಯಾರಿಗೆ ಗೊತ್ತು? ನಿಮ್ಮಮ್ಮನ ಮುಂದೆ ಸುಳ್ಳು ಇಟ್ಕೊಂಡು ಊಟಕ್ಕೆ ಕೂರೋಳಲ್ಲ ನಾನು.” ಹಾಗೆಂದು ಕ್ಲಾಸಿಗೂ ಹೋಗದೆ ಮನೆಗೆ ನಡೆದುಬಿಟ್ಟಳು.

ಮರುದಿನ ಬೆಳಿಗ್ಗೆ ಆಫೀಸಿನ ಮುಂದಿನ ಚೌಕದಲ್ಲಿ ಆರು ಮುಸುಕಿನವರು ಸಾಲಾಗಿ ಕೂತಿದ್ದರು. ಏಳನೆಯವನ ಮುಖ ಬರಿದಾಗಿತ್ತು. ನಿದ್ದೆಗೆಟ್ಟ ಕಣ್ಣು, ಚಳಿಗೆ ಕೆಂಪೇರಿದ ಮೂಗು.

“ಮುಚ್ಕೊಳೋ, ನಿನ್ನ ಮೋರೆ ನೋಡಿ ಗಿರಾಕಿ ಓಡ್ತಿದಾರೆ,” ಎಂದು ಪಕ್ಕದವನು ಕಿಚಾಯಿಸಿದ. ಎಲೋಯ್ ನಗಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಕ್ಲಾಸಿನ ಇಬ್ಬರು ಅವನನ್ನು ಗುರುತಿಸಿ ಮೊಣಕೈ ತಿವಿದುಕೊಂಡರು. ಅವನು ತಲೆ ತಗ್ಗಿಸಿದ, ಆದರೆ ಮುಖ ಮುಚ್ಚಲಿಲ್ಲ.

“ಅಮ್ಮನಿಗೆ ಹೇಳ್ದೆ,” ಎಂದ, ನಿಯೆವೆಸ್ ಹತ್ತಿರ ಬಂದು ನಿಂತಾಗ.

“ಏನಂದ್ರು?”

“ಅತ್ತಳು. ಆಮೇಲೆ, ಆ ಹುಡುಗಿಗೆ ಗೊತ್ತಾ ಅಂದಳು. ಗೊತ್ತಾಯ್ತು, ಇನ್ನು ಬರಲ್ಲ ಅಂದೆ.”

“ಬರಲ್ಲ ಅಂತ ನಾನು ಯಾವಾಗ ಅಂದೆ?”

ಅಷ್ಟರಲ್ಲಿ ಆಫೀಸಿನ ಬಾಗಿಲಿಂದ ವಕೀಲಮ್ಮನ ದನಿ ಬಂತು. “ನಿಯೆವೆಸ್! ಯಾರಮ್ಮಾ ಅದು, ಅಷ್ಟೊತ್ತಿಂದ ಮಾತು?”

ಚೌಕದ ಅರ್ಧ ಜನ ತಿರುಗಿ ನೋಡಿದರು. ಪಾಲಿಶ್‌ನವನು ಅಂದಿದ್ದರೆ ಸಾಕಿತ್ತು, ಅದು ಸುಳ್ಳೂ ಅಲ್ಲ. ಅವಳ ನಾಲಿಗೆ ಒಂದು ಗಳಿಗೆ ಅಲ್ಲೇ ತಡವರಿಸಿತು.

“ಇವನು ಎಲೋಯ್, ಮೇಡಂ,” ಎಂದಳು ಗಟ್ಟಿಯಾಗಿ. “ನಾನು ಮದ್ವೆ ಆಗೋ ಹುಡುಗ. ಭಾನುವಾರ ಅತ್ತೇನ ನೋಡೋಕೆ ಹೋಗ್ತಿದೀನಿ.”

ಆರೂ ಮುಸುಕುಗಳು ಹೋ ಎಂದು ಕೂಗಿದವು. ಎಲೋಯ್ ಕಪ್ಪು ಮೆತ್ತಿದ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತೇಬಿಟ್ಟ.

ನಿಯೆವೆಸ್ ಅವನ ಮುಂದೆ ನೆಲಕ್ಕೇ ಕೂತಳು.

“ಕೈ ತೆಗಿಯೋ,” ಎಂದಳು. “ನಾನು ನೋಡ್ಬೇಕು.”