ಸಾರೋಟಿನಲ್ಲಿ ನೀಲಿ ಬೆಳಕು

"ರೀ! ಯಾರ್ರೀ ಅದು ನಮ್ಮ ಗಾಡಿ ಲೈಟ್ ಜೊತೆ ಆಟ ಆಡ್ತಿರೋದು?"

ಹಲಸೂರಿನ ಕಲ್ಯಾಣ ಮಂಟಪದ ಮುಂದೆ ಬ್ಯಾಂಡಿನ ಸದ್ದನ್ನೂ ಮೀರಿ ಆ ಹುಡುಗಿಯ ದನಿ ಎದ್ದಿತು.

ಅವಳ ಹಿಂದೆ ಬಿಳಿ ಕುದುರೆ ಕಟ್ಟಿದ ಮದುವೆ ಸಾರೋಟು. ಅದರ ಅಂಚಿಗೆ, ಚಕ್ರಗಳಿಗೆ, ಮದುಮಕ್ಕಳ ತಲೆಯ ಮೇಲಿನ ಚಾವಣಿಗೆ ಎಲ್ಲ ಕಡೆ ಬಣ್ಣ ಬದಲಾಯಿಸುವ ಎಲ್‌ಇಡಿ ದೀಪಗಳು. ಮಧ್ಯಾಹ್ನವೆಲ್ಲ ಕೂತು ಅಂಟಿಸಿದವಳು ಅವಳೇ. ಸೀಟಿನ ಕೆಳಗೆ ಬ್ಯಾಟರಿ ಇಟ್ಟು, ಹದವಾದ ಹೊನ್ನಿನ ಬಣ್ಣಕ್ಕೆ ತಂದು ನಿಲ್ಲಿಸಿದ್ದಳು.

ಈಗ ನೋಡಿದರೆ ಕೆಂಪು! ರೆಪ್ಪೆ ಬಡಿಯುವಷ್ಟರಲ್ಲಿ ಹಸಿರು! ಆಮೇಲೆ ಪಟಪಟ ಮಿಣುಕು! ಸಾರೋಟಿನಲ್ಲಿ ಕೂತಿದ್ದ ಮದುಮಗಳು ಗಾಬರಿಯಿಂದ ಗಂಡನ ತೋಳು ಹಿಡಿದುಕೊಂಡಳು.

ಎದುರಿಗೆ ಬ್ಯಾಂಡಿನವರ ಟೆಂಪೋ ನಿಂತಿತ್ತು. ಅದರ ಪಕ್ಕದಲ್ಲಿ ರಿಮೋಟ್ ಹಿಡಿದಿದ್ದ ಯುವಕ ಕಕ್ಕಾಬಿಕ್ಕಿಯಾಗಿದ್ದ.

"ಸಾರಿ ಕಣ್ರೀ... ನಾನು ನಮ್ಮ ಟೆಂಪೋ ಬಣ್ಣ ಬದಲಾಯಿಸ್ತಿದ್ದೆ. ಈ ರಿಮೋಟ್‌ಗಳೆಲ್ಲ ಒಂದೇ ಥರ. ನಾನು ಒತ್ತಿದ್ರೆ ನಿಮ್ಮ ಗಾಡೀನೂ ಕೇಳ್ಬಿಡತ್ತೆ."

"ನಮ್ಮ ಗಾಡಿ ನಿಮ್ಮ ಮಾತು ಯಾಕ್ರೀ ಕೇಳ್ಬೇಕು?"

ಅವನಿಗೆ ನಗು ಬಂತು. ಅವಳಿಗೆ ಇನ್ನೂ ಉರಿಯಿತು. ಆದರೆ ಅವನು ರಿಮೋಟನ್ನು ಜೇಬಿಗೆ ಹಾಕಿಕೊಂಡ. "ನಿಮ್ಮ ಮೆರವಣಿಗೆ ಮುಗಿಯೋವರ್ಗೂ ಒತ್ತಲ್ಲ, ಸರೀನಾ?"

ಕೊಟ್ಟ ಮಾತು ಉಳಿಸಿಕೊಂಡ. ಅವನ ಟೆಂಪೋ ದಾರಿಯುದ್ದಕ್ಕೂ ಒಂದೇ ಬಣ್ಣದಲ್ಲಿ ಸಪ್ಪಗೆ ಸಾಗಿತು. ಬ್ಯಾಂಡಿನವರು ಅವನಿಗೆ ಚೆನ್ನಾಗಿ ಬೈದರು. ಅದನ್ನು ಕೇಳಿಸಿಕೊಂಡ ಹುಡುಗಿ ಮುಖ ತಿರುಗಿಸಿ ನಕ್ಕಳು.

ಹುಡುಗಿಯ ಹೆಸರು ಶಾಂತಕುಮಾರಿ, ಎಲ್ಲರೂ ಕರೆಯುವುದು ಶಾಂತಿ ಅಂತ. ಶಾಂತಿಗೂ ಅವಳಿಗೂ ದೂರದ ನೆಂಟಸ್ತನವೂ ಇಲ್ಲ ಬಿಡಿ! ಸಾರೋಟು ಅವಳ ಅಪ್ಪ ಮಾನಪ್ಪನದು, ಕುದುರೆಯನ್ನು ಹೊಡೆಯುವವನೂ ಅವನೇ. ಯುವಕನ ಹೆಸರು ಕಿರಣಕುಮಾರ, ಕೆ.ಆರ್. ಪುರದವನು. ಟೆಂಪೋಗೆ ದೀಪ ಕಟ್ಟಿದ ಅವನ ಕೈಕೆಲಸ ಮಾನಪ್ಪನಿಗೆ ಎಷ್ಟು ಹಿಡಿಸಿತೆಂದರೆ, ಶ್ರಾವಣ ಕಳೆಯುವ ಹೊತ್ತಿಗೆ ಅವನು ಇವರ ಹಲಸೂರಿನ ಶೆಡ್ಡಿನಲ್ಲೇ ಕೆಲಸಕ್ಕೆ ನಿಂತಿದ್ದ.

ಅಲ್ಲಿಂದ ಶುರುವಾಯಿತು ಇಬ್ಬರ ಜಗಳ, ಇಬ್ಬರ ಕೆಲಸ... ಮತ್ತೆ ಇಬ್ಬರೂ ಬಾಯಿಬಿಟ್ಟು ಹೇಳದ ಇನ್ನೊಂದು.

ಕಿರಣನದು ಒಂದು ಪದ್ಧತಿ. ಪ್ರತಿ ಮದುವೆಗೂ ಮುಂಚೆ ಮದುಮಗಳ ಸೀಟಿನಲ್ಲಿ ಯಾರನ್ನಾದರೂ ಕೂರಿಸಿ, ಮುಖದ ಮೇಲೆ ಬೆಳಕು ಹೇಗೆ ಬೀಳುತ್ತದೆ ಅಂತ ನೋಡಲೇಬೇಕು. ನೀಲಿ ಜಾಸ್ತಿಯಾದರೆ ಎಂಥ ಚೆಲುವೆಯ ಮುಖವೂ ಕಳೆಗುಂದುತ್ತದೆ. ಹೊನ್ನಿನ ಬಣ್ಣವೂ ಹದವಾಗಿರಬೇಕು, ಇಲ್ಲದಿದ್ದರೆ ಫೋಟೋದಲ್ಲಿ ಅರಿಶಿನ ಮೆತ್ತಿದಂತೆ ಕಾಣುತ್ತದೆ.

ಹಾಗೆ ಕೂರುತ್ತಿದ್ದವಳು ಶಾಂತಿ.

"ಗದ್ದ ಸ್ವಲ್ಪ ಎತ್ತು... ಹಾಂ, ಹಾಗೇ. ನಗು."

"ನಗು ಬಂದ್ರೆ ನಗ್ತೀನಿ. ನೀನು ಹೇಳ್ದಾಗ್ಲೆಲ್ಲ ನಗೋಕೆ ನಾನೇನು ಬಲ್ಬಾ?"

ಬೈಯುತ್ತಲೇ ಕೂರುತ್ತಿದ್ದಳು. ಅವನು ದೀಪ ಸರಿಮಾಡುವ ಆ ಸ್ವಲ್ಪ ಹೊತ್ತಿಗಾಗಿಯೇ ಅವಳು ಬೆಳಿಗ್ಗೆಯಿಂದ ಕಾಯುತ್ತಿದ್ದಳು ಎಂಬುದು ಅವಳಿಗೆ ಮಾತ್ರ ಗೊತ್ತು.

ಆಮೇಲೊಂದು ದಿನ ಅವನು ಕರೆಯಲಿಲ್ಲ.

ಮುಂದಿನ ಮದುವೆಗೂ ಕರೆಯಲಿಲ್ಲ. ಸೀಟಿನ ಮೇಲೊಂದು ದಿಂಬು ನಿಲ್ಲಿಸಿ, ಅದಕ್ಕೇ ಬೆಳಕು ಬಿಟ್ಟು ನೋಡಿಕೊಂಡ.

"ಯಾಕೋ? ನನ್ನ ಮುಖಕ್ಕೇನಾಯ್ತು?" ಶಾಂತಿ ಕೇಳಿಯೇಬಿಟ್ಟಳು.

"ಏನೂ ಇಲ್ಲ. ನಿಂಗೆ ಯಾಕೆ ಸುಮ್ನೆ ತೊಂದ್ರೆ ಅಂತ..."

ತೊಂದರೆಯಂತೆ ತೊಂದರೆ! ನಾನು ಯಾವತ್ತು ತೊಂದರೆ ಅಂದೆ? ದಿಂಬಿಗಿಂತ ಕಡೆಯಾದೆನಾ ನಾನು? ಅವಳು ಆ ದಿಂಬನ್ನು ನೋಡಿದ ರೀತಿಗೆ, ಅದಕ್ಕೆ ಜೀವವಿದ್ದಿದ್ದರೆ ಎದ್ದು ಓಡಿಹೋಗುತ್ತಿತ್ತು.

ದಿಂಬಾದರೂ ಪರವಾಗಿರಲಿಲ್ಲ. ಅಷ್ಟರಲ್ಲಿ ಬಂದಳು ಮಧುರಾ.

ಮಧುರಾ ಇಂದಿರಾನಗರದಲ್ಲಿ ಮದುವೆ ಕಾರ್ಯಕ್ರಮ ನಡೆಸಿಕೊಡುವ ಕಂಪನಿಯವಳು. ಅವಳಿಗೆ ಹಿಡಿಸಿದರೆ ಆ ಸೀಸನ್ನಿನ ಮದುವೆಗಳೆಲ್ಲ ಮಾನಪ್ಪನ ಸಾರೋಟಿಗೇ. ಕತ್ತರಿಸಿದ ಕೂದಲು, ತಿಳಿಗುಲಾಬಿ ಕುರ್ತಾ, ಮಾತಿಗೊಮ್ಮೆ "ಸೂಪರ್ ಕಿರಣ್!"

ಕಿರಣ್ ಅಂತೆ! ಕಿರಣಕುಮಾರ ಅನ್ನೋಕೇನು ಬಾಯಿ ನೋಯತ್ತಾ?

ಒಂದು ಸಂಜೆ ಶಾಂತಿ ಶಿವಾಜಿನಗರಕ್ಕೆ ಹೋಗಿ ರಿಮೋಟಿಗೆ ಹೊಸ ಸೆಲ್ಲು ಹಾಕಿಸಿಕೊಂಡು ವಾಪಸ್ ಬಂದಳು. ಶೆಡ್ಡಿನ ಗೇಟಿನ ಹತ್ತಿರ ಬರುತ್ತಿದ್ದಂತೆ ಕಾಲು ನಿಂತುಬಿಟ್ಟಿತು.

ಮದುಮಗಳ ಸೀಟಿನಲ್ಲಿ ಮಧುರಾ ಕೂತಿದ್ದಳು. ಒಂದು ಕೈಯಲ್ಲಿ ಮೊಬೈಲ್ ಎತ್ತಿಕೊಂಡು, ಮುಂದಿನ ಮದುವೆಯ ಮದುಮಗಳ ತಾಯಿಗೆ ವಿಡಿಯೋ ಕಾಲ್‌ನಲ್ಲಿ ಸಾರೋಟು ತೋರಿಸುತ್ತಿದ್ದಳು. ಕಿರಣ ಕೆಳಗೆ ನಿಂತು ಚಾವಣಿಯ ದೀಪ ಸರಿಮಾಡುತ್ತಿದ್ದ.

"ಮೇಡಂ, ಗದ್ದ ಸ್ವಲ್ಪ ಎತ್ತಿ... ಹಾಂ, ಹಾಗೇ."

ಅದೇ ಮಾತು! ಅದೇ ದನಿ!

ಶಾಂತಿಯ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದಂತಾಯಿತು. ನನಗೆ ತೊಂದರೆ, ಇವಳಿಗೆ ತೊಂದರೆ ಇಲ್ಲವಾ? ನಾನು ಕೂತ ಜಾಗ ಅದು... ನಂದು!

ಸಾರೋಟಿನ ರಿಮೋಟ್ ಅವಳ ಬ್ಯಾಗಿನಲ್ಲೇ ಇತ್ತು. ಯೋಚಿಸಿ ಮಾಡಿದ್ದೇನಲ್ಲ. ಗೇಟಿನ ಸಂದಿಯಿಂದ ಕೈ ಚಾಚಿ ಒತ್ತಿದಳು.

ಇಡೀ ಸಾರೋಟು ನೀಲಿಯಾಯಿತು. ಕಡುನೀಲಿ! ಇನ್ನೊಂದು ಗುಂಡಿ ಒತ್ತಿದಳು. ಮಧುರಾಳ ಮುಖ ಒಮ್ಮೆ ಕತ್ತಲು, ಒಮ್ಮೆ ನೀಲಿ, ಒಮ್ಮೆ ಕತ್ತಲು...

"ಅಯ್ಯೋ! ಏನ್ರೀ ಇದು, ಜೀವ ಇಲ್ದಿರೋರ ಮುಖ ಇದ್ದಂಗಿದೆ!" ಮೊಬೈಲಿನೊಳಗಿಂದ ಮದುಮಗಳ ತಾಯಿ ಕಿರುಚಿದರು. "ಶುಭಕಾರ್ಯಕ್ಕೆ ಇಂಥ ಗಾಡೀನಾ? ಬೇಡಮ್ಮಾ, ಬೇಡ!"

ಕಾಲ್ ಕಟ್ಟಾಯಿತು.

ಕಿರಣ ತಿರುಗಿ ಗೇಟಿನ ಕಡೆ ನೋಡಿದ. ಶಾಂತಿಯ ಕೈಯಲ್ಲಿದ್ದ ರಿಮೋಟನ್ನೂ ನೋಡಿದ. ಇನ್ನೇನು ಹೇಳಿಬಿಡುತ್ತಾನೆ ಅಂದುಕೊಂಡಳು ಅವಳು.

"ನನ್ನ ತಪ್ಪು ಮೇಡಂ," ಎಂದ ಅವನು. "ವೈರಿಂಗ್ ಸರಿಯಾಗಿ ನೋಡಿರ್ಲಿಲ್ಲ."

ಮಧುರಾ ಕೆಳಗಿಳಿದಳು. "ಸಾರಿ ಕಿರಣ್. ಮೆರವಣಿಗೆ ಮಧ್ಯ ಹೀಗಾದ್ರೆ ನಾನು ಯಾರಿಗೆ ಉತ್ತರ ಹೇಳ್ಲಿ?"

ಅವಳು ಹೊರಟುಹೋದಳು. ಒಳಗಿಂದ ಬಂದ ಮಾನಪ್ಪ ವಿಷಯ ತಿಳಿದು ತಲೆಯ ಮೇಲೆ ಕೈ ಹೊತ್ತು ಕೂತ. ಆ ಸೀಸನ್ನನ್ನೇ ನಂಬಿಕೊಂಡಿದ್ದವನು ಅವನು. ಒತ್ತಿದ್ದು ನಾನೇ ಅಂತ ಹೇಳದೆ ಶಾಂತಿ ರಿಮೋಟನ್ನು ಬ್ಯಾಗಿಗೆ ತುರುಕಿದಳು.

ಮರುದಿನ ಕಿರಣ ಬಂದವನೇ ತನ್ನ ಟೂಲ್ಸ್ ಚೀಲ ಹೆಗಲಿಗೆ ಹಾಕಿಕೊಂಡ. "ಗರುಡಾಚಾರ್‌ಪಾಳ್ಯದಲ್ಲಿ ಎಲ್‌ಇಡಿ ಬೋರ್ಡ್ ಮಾಡೋ ಕಡೆ ಕೆಲ್ಸ ಸಿಕ್ಕಿದೆ ಯಜಮಾನ್ರೇ. ಹೋಗ್ಬರ್ತೀನಿ."

ಅವನು ಶಾಂತಿಯ ಕಡೆ ನೋಡಲಿಲ್ಲ. ಅವಳೂ ತಡೆಯಲಿಲ್ಲ. ಹೋಗಲಿ! ಆ ಗುಲಾಬಿ ಕುರ್ತಾದವಳ ಹಿಂದೆಯೇ ಹೋಗಲಿ!

ಆದರೆ ಅವನು ತಿರುವಿನಲ್ಲಿ ಮರೆಯಾದ ಕೂಡಲೇ ಅವಳು ಹುಲ್ಲಿನ ರಾಶಿಯ ಹಿಂದೆ ಹೋಗಿ ಗಳಗಳ ಅತ್ತಳು.

ಅವಳನ್ನು ಅಲ್ಲಿ ಕಂಡದ್ದು ಅಜ್ಜಿ ಮುನಿಗಂಗಮ್ಮ.

"ಯಾಕೇ? ಅವ್ನೇನಂದ?"

"ಏನೂ ಅನ್ಲಿಲ್ಲ, ಅದೇ ಸಿಟ್ಟು! ನನ್ನ ಬಿಟ್ಟು ಅವಳನ್ನ ಕೂರಿಸ್ದ ಅಜ್ಜಿ. ನಾನು ಬೇಡ್ವಾದೆ ಅವ್ನಿಗೆ."

ಮುನಿಗಂಗಮ್ಮ ಸೆರಗಿನಲ್ಲಿ ಬೆವರು ಒರೆಸಿಕೊಂಡಳು.

"ಅವ್ನು ಬೇಡ ಅಂದಿದ್ದಲ್ಲ ಕಣೇ. ಬೇಡ ಅಂದಿದ್ದು ನಾನು."

"ಏನು?"

"ಹೊಸಕೋಟೆ ಕಡೆಯಿಂದ ನಿನ್ನ ಕೇಳ್ಕೊಂಡು ಬಂದಿದ್ರು. ಯಾರೋ ಹೇಳಿದಾರೆ, ಆ ಹುಡ್ಗಿ ದಿನಾ ಲೈಟ್ ಹುಡುಗನ ಮುಂದೆ ಮದುಮಗಳ ಥರ ಕೂತಿರ್ತಾಳೆ ಅಂತ. ಬಂದ ದಾರಿ ಹಿಡಿದ್ರು. ನಂಗೆ ತಡೀಲಿಲ್ಲ. ಅವ್ನನ್ನ ಕರೆದು ಬೈದೆ. ಇನ್ನೊಂದ್ ಸಲ ನನ್ನ ಮೊಮ್ಮಗಳನ್ನ ಆ ಸೀಟಲ್ಲಿ ಕೂರಿಸ್ಬೇಡ ಅಂದೆ. ಅವ್ಳಿಗೆ ಹೇಳಿದ್ರೆ ಹೊಸಕೋಟೆಗೇ ಹೋಗಿ ಜಗಳ ತೆಗೀತಾಳೆ, ಹೇಳ್ಬೇಡ ಅಂತಾನೂ ಅಂದೆ."

ಶಾಂತಿ ಧಡಕ್ಕನೆ ಎದ್ದಳು. ಅವನು ಮಾತು ಉಳಿಸಿಕೊಂಡಿದ್ದ. ಬೈಗುಳ ತಿಂದಿದ್ದ, ಅವಳ ತಪ್ಪನ್ನು ತಲೆ ಮೇಲೆ ಹೊತ್ತಿದ್ದ. ಅವಳು ಮಾಡಿದ್ದೇನು? ಅವನ ಕೆಲಸವನ್ನೂ ಅಪ್ಪನ ಸೀಸನ್ನನ್ನೂ ಒಂದು ಗುಂಡಿ ಒತ್ತಿ ಆರಿಸಿದ್ದು! ಅವಳು ಗೇಟಿನ ಕಡೆ ಹೊರಟಳು.

"ನಿಲ್ಲೇ, ಎಲ್ಲಿಗೆ?"

"ಮೊದ್ಲು ಇಂದಿರಾನಗರ ಅಜ್ಜಿ. ಆಮೇಲೆ..."

"ಆಮೇಲಿಂದು ನಂಗೊತ್ತು," ಎಂದಳು ಮುನಿಗಂಗಮ್ಮ. "ಕರ್ಕೊಂಡೇ ಬಾ. ಬರೀ ಕೆಲ್ಸಕ್ಕಲ್ಲ ಅಂತ ನಾನಂದೆ ಅನ್ನು."

ಇಂದಿರಾನಗರದ ಆ ತಣ್ಣನೆಯ ಆಫೀಸಿನಲ್ಲಿ ಶಾಂತಿ ಮಧುರಾಳ ಮುಂದೆ ನಿಂತಳು.

"ವೈರಿಂಗ್ ಕೆಟ್ಟಿರ್ಲಿಲ್ಲ ಮೇಡಂ. ರಿಮೋಟ್ ಒತ್ತಿದ್ದು ನಾನು."

"ನೀನಾ? ಯಾಕೆ?"

"ಹೊಟ್ಟೆಕಿಚ್ಚು." ಇಷ್ಟು ಹೇಳುವಷ್ಟರಲ್ಲಿ ಕಿವಿಯೆಲ್ಲ ಬಿಸಿಯಾಯಿತು. "ನೀವು ಅಲ್ಲಿ ಕೂತಿದ್ದನ್ನ ನೋಡೋಕಾಗ್ಲಿಲ್ಲ. ಅವ್ನದು ತಪ್ಪಿಲ್ಲ, ನಮ್ಮಪ್ಪಂದೂ ಇಲ್ಲ."

ಮಧುರಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಮೊದಲು ಸಿಟ್ಟು ಬಂತು. ಬರಬೇಕಾದ್ದೇ! ಮದುಮಗಳ ತಾಯಿ ಅವಳಿಗೂ ಸಾಕಷ್ಟು ಅಂದಿದ್ದರು.

"ಆ ಮದ್ವೆ ನಿಮ್ಮ ಕೈ ತಪ್ಪಿಹೋಯ್ತು. ಬೇರೆಯವ್ರಿಗೆ ಕೊಟ್ಟಾಯ್ತು," ಎಂದಳು. "ಮುಂದಿನ ತಿಂಗಳು ಇನ್ನೊಂದಿದೆ, ಬಂದು ನೋಡ್ತೀನಿ. ಆದ್ರೆ ಈ ಹುಚ್ಚಾಟ ಮತ್ತೆ ನಡೀಬಾರ್ದು."

"ನಡಿಯಲ್ಲ ಮೇಡಂ."

"ಇನ್ನೊಂದು ಮಾತು." ಮಧುರಾಳ ತುಟಿಯಂಚಿನಲ್ಲಿ ನಗು ಇಣುಕಿತು. "ಅಷ್ಟು ಹೊತ್ತು ನಾನು ಅಲ್ಲಿ ಕೂತಿದ್ರೂ ಆ ಮನುಷ್ಯ ನನ್ನ ಮುಖ ಸರಿಯಾಗಿ ನೋಡ್ಲೇ ಇಲ್ಲ ಕಣೆ. ಶಾಂತಿ ಇನ್ನೂ ಬರ್ಲಿಲ್ವಲ್ಲ ಅಂತ ಆಗಾಗ ಗೇಟ್ ಕಡೆ ನೋಡ್ತಿದ್ದ. ನಂಗೇ ಬೇಜಾರಾಯ್ತು!"

ಶಾಂತಿ ಮೆಟ್ರೋ ನಿಲ್ದಾಣದ ಮೆಟ್ಟಿಲನ್ನು ಹತ್ತಿದಳೋ ಹಾರಿದಳೋ ಅವಳಿಗೇ ಗೊತ್ತಿಲ್ಲ.

ಗರುಡಾಚಾರ್‌ಪಾಳ್ಯದಲ್ಲಿ ಸಂಜೆಯ ಟೀ ಹೊತ್ತು. ಬೋರ್ಡ್ ಮಾಡುವ ಆ ಯೂನಿಟ್ಟಿನ ಎದುರಿನ ಟೀ ಅಂಗಡಿಯ ಮುಂದೆ ಕಿರಣ ಒಬ್ಬನೇ ನಿಂತಿದ್ದ. ಅವಳನ್ನು ಕಂಡು ಟೀ ಗ್ಲಾಸ್ ಹಿಡಿದೇ ಅವಳ ಕಡೆ ಬಂದ.

"ಶಾಂತಿ? ಯಾಕೆ... ಯಜಮಾನ್ರು ಚೆನ್ನಾಗಿದಾರಾ?"

"ಅಪ್ಪ ಚೆನ್ನಾಗಿದಾರೆ. ನಾನು ಚೆನ್ನಾಗಿಲ್ಲ." ಅವಳಿಗೆ ಏದುಸಿರು. "ಅಜ್ಜಿ ಎಲ್ಲ ಹೇಳಿದ್ಲು. ಮಧುರಾ ಮೇಡಂ ಹತ್ರ ಹೋಗಿ ನಾನೇ ಒತ್ತಿದ್ದು ಅಂತ ಒಪ್ಕೊಂಡೂ ಬಂದೆ. ಈಗ ನೀನು ಹೇಳು. ಅಷ್ಟೆಲ್ಲ ಮುಚ್ಕೊಂಡು ನನ್ನ ಬಿಟ್ಟು ಹೊರಟುಬಿಟ್ಯಲ್ಲ, ಯಾಕೆ? ನನ್ನ ಮೇಲೆ ಸಿಟ್ಟಾ?"

"ನಿನ್ನ ಮೇಲಲ್ಲ."

"ಮತ್ತೆ?"

ಅವನು ಗ್ಲಾಸಿನ ಒಳಗೇ ನೋಡುತ್ತ ಮೆಲ್ಲಗೆ ಹೇಳಿದ.

"ಹೊಸಕೋಟೆ ಸಂಬಂಧ ಮುರೀತು ಅಂತ ಅಜ್ಜಿ ಬೈತಿದ್ರಲ್ಲ... ನಂಗೆ ಖುಷಿಯಾಯ್ತು ಶಾಂತಿ. ನನ್ನಿಂದ ನಿನ್ನ ಹೆಸರಿಗೆ ಮಾತು ಬಂತು, ಅಜ್ಜಿ ಕಣ್ಣಲ್ಲಿ ನೀರು, ಆದ್ರೂ ಒಳಗೊಳಗೇ ಖುಷಿ! ನಾನೆಂಥ ಮನುಷ್ಯ ಅನ್ನಿಸ್ತು. ದಿನಾ ನಿಮ್ಮನೇಲಿ ಉಂಡು, ಯಜಮಾನ್ರ ಮುಖ ಹೆಂಗೆ ನೋಡ್ಲಿ?"

ಶಾಂತಿಯ ಕಣ್ಣು ತುಂಬಿತು. ಆದರೆ ಅವಳು ಕೇಳಿದ್ದು ಮಾತ್ರ ಬೇರೆ.

"ಅವ್ರು ಬರೋ ವಿಷ್ಯ ನಿಂಗೆ ಮುಂಚೇನೇ ಗೊತ್ತಿತ್ತಾ?"

"ಗೊತ್ತಿತ್ತು. ಹುಡುಗ ಚೆನ್ನಾಗಿದಾನೆ ಅಂತ ಯಜಮಾನ್ರು ಫೋನಲ್ಲಿ ಹೇಳ್ತಿದ್ರು. ಅವತ್ತು ನಾನು ಊಟ ಮಾಡ್ಲಿಲ್ಲ."

"ಹೊಟ್ಟೆ ಉರೀತಾ?"

"ಉರೀತು."

"ತುಂಬಾ?"

"ಕೇಳ್ಬೇಡ ಕಣೆ..."

"ಹೇಳೋ! ಇಷ್ಟು ದಿನ ನಾನೊಬ್ಳೇ ಉರ್ಕೊಂಡು ಸಾಯ್ತಿದೀನಿ ಅಂದ್ಕೊಂಡಿದ್ದೆ!"

ಅವನು ತಲೆ ಎತ್ತಿದ. ಅವಳು ಅಳುತ್ತ ನಗುತ್ತಿದ್ದಳು. ಅವನ ಮುಖದ ಮೇಲಿನ ಭಾರ ಇಷ್ಟಿಷ್ಟೇ ಇಳಿಯಿತು.

"ಬಾ, ಹೋಗೋಣ. ಯಜಮಾನ್ರನ್ನ ಕೇಳ್ತೀನಿ," ಎಂದ.

"ಅಪ್ಪನ್ನ ಆಮೇಲೆ ಕೇಳು. ಮೊದ್ಲು ನನ್ನ ಕೇಳು."

ಸುತ್ತ ಜನ ಟೀ ಕುಡಿಯುತ್ತಿದ್ದರು. ಕಿರಣನಿಗೆ ಅದ್ಯಾವುದೂ ಕಾಣಲಿಲ್ಲ.

"ನನ್ನ ಮದ್ವೆ ಆಗ್ತೀಯಾ ಶಾಂತಿ?"

"ಆಗ್ತೀನಿ." ಅವಳು ದುಪಟ್ಟಾದ ತುದಿಯಲ್ಲಿ ಕಣ್ಣೊರೆಸಿಕೊಂಡಳು. "ಆದ್ರೆ ಈಗ್ಲೇ ಹೇಳ್ಬಿಡ್ತೀನಿ. ಮದ್ವೆ ಆದ್ಮೇಲೂ ನನ್ನ ಹೊಟ್ಟೆಕಿಚ್ಚು ಹೋಗಲ್ಲ."

"ಹೋಗೋದು ಬೇಡ. ಆದ್ರೆ ಏನೇ ಅನ್ನಿಸಿದ್ರೂ ನನ್ನೇ ಕೇಳು. ಬೈದಾದ್ರೂ ಕೇಳು."

"ಸರಿ, ಕೇಳ್ತೀನಿ. ಆ ಟೀ ಅಂಗಡಿಯಾಕೆ ಆಗ್ಲಿಂದ ನಿನ್ನ ನೋಡಿ ಯಾಕೆ ನಗ್ತಿದಾಳೆ?"

"ಶಾಂತಿ! ಆಕೆಗೆ ನಿಮ್ಮಜ್ಜಿ ವಯಸ್ಸು!"

"ಇದ್ರೇನು? ಗ್ಲಾಸ್ ಇಲ್ಲಿ ಕೊಡು, ನಾನೇ ವಾಪಸ್ ಕೊಟ್ಟು ಬರ್ತೀನಿ."